ಮೀನಿಗಾಗಿ ಹಾಕಿದ ಹಳಿ

ಹ್ಯಾರಿ ಪಾಟರ್ ಸಿನಿಮಾದಲ್ಲಿ ಬೆಟ್ಟಗಳ ನಡುವೆ ಬಾಗಿಕೊಂಡು ಹೋಗುವ ಎತ್ತರದ ರೈಲು ಸೇತುವೆಯನ್ನು ನಮ್ಮಲ್ಲಿ ಹಲವರು ನೋಡಿದ್ದೇವೆ. ಅದು ಸ್ಕಾಟ್ಲೆಂಡಿನ ಗ್ಲೆನ್‌ಫಿನ್ನನ್ ಸೇತುವೆ. ಒಟ್ಟು 21 ಕಮಾನುಗಳಿವೆ. ಇಂದು ಅಲ್ಲಿ ಪ್ರವಾಸಿಗರೇ ತುಂಬಿದ್ದಾರೆ, ಆದರೆ ಆ ಮಾರ್ಗ ಹುಟ್ಟಿದ್ದು ಮುಖ್ಯವಾಗಿ ಮೀನಿಗಾಗಿ. ಕಾಮರ್ಸ್ ವಿದ್ಯಾರ್ಥಿಯಾದ ನನಗೆ ಸೇತುವೆಗಿಂತ ಅದಕ್ಕೆ ಹಣ ಹೊಂದಿಸಿದ ರೀತಿಯೇ ಹೆಚ್ಚು ಕುತೂಹಲ ಹುಟ್ಟಿಸಿತು.

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಹೆರಿಂಗ್ ಮೀನು ಸಿಗುತ್ತಿತ್ತು, ಹತ್ತಿರದಲ್ಲಿ ಮಾರುಕಟ್ಟೆ ಇರಲಿಲ್ಲ. ಗ್ಲಾಸ್ಗೋ, ಲಂಡನ್ ತಲುಪುವಷ್ಟರಲ್ಲಿ ತಾಜಾ ಮೀನು ಕೆಡುತ್ತಿತ್ತು. ಅಲ್ಲಿನ ಬಡ ರೈತರು ಮತ್ತು ಮೀನುಗಾರರ ಸ್ಥಿತಿಯನ್ನು ಪರಿಶೀಲಿಸಿದ ನೇಪಿಯರ್ ಆಯೋಗ 1884ರಲ್ಲಿ ವರದಿ ಕೊಟ್ಟಿತು. ಕರಾವಳಿಗೆ ರೈಲು ಬೇಕೆಂಬ ಮಾತು ಅದರಲ್ಲಿತ್ತು. 1894ರಲ್ಲಿ ಫೋರ್ಟ್ ವಿಲಿಯಂವರೆಗೆ ರೈಲು ಬಂತು. ಅಲ್ಲಿಂದ ಸಮುದ್ರದಂಚಿನ ಮಾಲೇಗ್‌ಗೆ ಇನ್ನೂ ಸುಮಾರು 66 ಕಿಲೋಮೀಟರ್. ದಾರಿಯೆಲ್ಲ ಬಂಡೆ, ಜನವಸತಿ ವಿರಳ. ಲಾಭ ಬರುವ ನಂಬಿಕೆ ಇಲ್ಲದ ಕಡೆ ಬಂಡವಾಳ ಹಾಕುವವರು ಯಾರು?

1896ರಲ್ಲಿ ಬ್ರಿಟಿಷ್ ಸಂಸತ್ತು ಕಾಯ್ದೆ ಮಾಡಿ ಎರಡು ಬಗೆಯ ನೆರವು ಕೊಟ್ಟಿತು. ಮೊದಲನೆಯದು ಖಾತರಿ: 2,60,000 ಪೌಂಡ್ ಬಂಡವಾಳದ ಮೇಲೆ ಶೇ. 3ರ ಪ್ರತಿಫಲಕ್ಕೆ ಸರ್ಕಾರ ಹೊಣೆ. ಲೆಕ್ಕ ಹಾಕಿದರೆ ವರ್ಷಕ್ಕೆ 7,800 ಪೌಂಡ್. ಎರಡನೆಯದು, ಮಾಲೇಗ್‌ನಲ್ಲಿ ದಕ್ಕೆ ಕಟ್ಟಲು 30,000 ಪೌಂಡ್ ಅನುದಾನ. ದಕ್ಕೆ ಇಲ್ಲದೆ ದೋಣಿಯಿಂದ ವ್ಯಾಗನ್‌ಗೆ ಮೀನು ಏರಿಸುವುದು ಕಷ್ಟ, ಆದ್ದರಿಂದ ಹಳಿಯಷ್ಟೇ ಅದೂ ಮುಖ್ಯ.

ಖಾಸಗಿ ಕಂಪನಿಗೆ ತೆರಿಗೆದಾರರ ಹಣ ಏಕೆ ಎಂದು ಸಂಸತ್ತಿನಲ್ಲಿ ವಿರೋಧ ಬಂತು. ಆ ಪ್ರಶ್ನೆಯನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ನಷ್ಟ ತುಂಬಿಕೊಡುವವರು ಇದ್ದಾರೆಂದರೆ ಖರ್ಚಿನ ಮೇಲೆ ಹಿಡಿತ ಸಡಿಲವಾಗಬಹುದು. ಆದರೆ ಇಲ್ಲಿ ಸರ್ಕಾರದ ಹೊಣೆಗೆ ಮೊದಲೇ ಒಂದು ಮಿತಿ ಇತ್ತು ಎಂಬುದನ್ನೂ ಗಮನಿಸಬೇಕು.

1901ರ ಏಪ್ರಿಲ್ 1ರಂದು ಮಾರ್ಗ ತೆರೆಯಿತು. ರೈಲು ಕಂಪನಿಗೆ ಅದರಿಂದ ಲಾಭ ಬರಲಿಲ್ಲ. ಆದರೆ ಸಣ್ಣ ಹಳ್ಳಿಯಾಗಿದ್ದ ಮಾಲೇಗ್ ದೊಡ್ಡ ಹೆರಿಂಗ್ ಬಂದರಾಗಿ ಬೆಳೆಯಿತು. ಹೊಗೆಯಲ್ಲಿ ಹದಮಾಡಿದ ಅಲ್ಲಿನ ಹೆರಿಂಗ್, ಅಂದರೆ ಕಿಪ್ಪರ್, ಹೆಸರಾಯಿತು. ಮುಂದೆ ಮೀನು ಲಾರಿ ಹತ್ತಿತು, ರೈಲು ಪ್ರಯಾಣಿಕರಿಗೆ ಉಳಿಯಿತು.

ಒಂದು ಸಂಸ್ಥೆಯ ಲೆಕ್ಕದಲ್ಲಿ ಆ ಸಂಸ್ಥೆಯ ವ್ಯವಹಾರ ಮಾತ್ರ ಬರುತ್ತದೆ ಎಂದು ಅಕೌಂಟೆನ್ಸಿಯಲ್ಲಿ ಓದುತ್ತೇವೆ. ಮಾಲೇಗ್‌ನಲ್ಲಿ ನಷ್ಟ ರೈಲಿನ ಪುಸ್ತಕದಲ್ಲಿತ್ತು. ಲಾಭವನ್ನು ಮೀನುಗಾರರ, ಕೂಲಿಕಾರರ, ವ್ಯಾಪಾರಿಗಳ ಕೈಯಲ್ಲಿ ಹುಡುಕಬೇಕಿತ್ತು. ಕಂಪನಿ ತನ್ನ ಪುಸ್ತಕವನ್ನಷ್ಟೇ ನೋಡಿದರೆ ತಪ್ಪಲ್ಲ. ಸರ್ಕಾರ ಮಾತ್ರ ಎಲ್ಲರ ಪುಸ್ತಕವನ್ನೂ ನೋಡಬೇಕು. ಗೆಳೆಯರೇ, ಯಾವುದಾದರೂ ಮಾರ್ಗ ನಷ್ಟದಲ್ಲಿದೆ ಎಂದು ಕೇಳಿದಾಗ ಮೂರು ಪ್ರಶ್ನೆ ಕೇಳೋಣ: ಈ ನೆರವಿಲ್ಲದೆ ಸರಕು ಮಾರುಕಟ್ಟೆ ಮುಟ್ಟುತ್ತಿತ್ತೇ? ಲಾಭ ಯಾರಿಗೆ ಸೇರುತ್ತಿದೆ? ಸರ್ಕಾರದ ಹೊಣೆಗೆ ಮಿತಿ ಎಷ್ಟು?