ಏಳು ಜನರ ರುಜು

ರೋಣ, ನರಗುಂದ, ಗಜೇಂದ್ರಗಡಗಳ ಎರೆಭೂಮಿಯಲ್ಲಿ ಸತ್ಕಾರ್ಯಕ್ಕೆ ಹಣ ಕೂಡಿಸುವುದು ಹೊಸ ವಿದ್ಯೆಯೇನೂ ಅಲ್ಲ. ಜಾತ್ರೆಯ ದಾಸೋಹಕ್ಕಾಗಲಿ, ಗುಡಿಯ ಜೀರ್ಣೋದ್ಧಾರಕ್ಕಾಗಲಿ, ಶ್ರಾವಣದ ಪುರಾಣಕ್ಕಾಗಲಿ, ಶಾಲೆಯ ಹೊಸ ಕೋಣೆಗಾಗಲಿ, ಊರ ಹಿರಿಯರು ಕಟ್ಟೆಯ ಮೇಲೆ ಕುಳಿತು ಪಟ್ಟಿ ಹಾಕಿದರೆಂದರೆ, ಹೊಲವಿದ್ದವನು ಜೋಳದ ಚೀಲವನ್ನು, ಅಂಗಡಿಯಿದ್ದವನು ರೊಕ್ಕವನ್ನು, ಏನೂ ಇಲ್ಲದವನು ನಾಲ್ಕು ದಿನದ ದುಡಿಮೆಯನ್ನು ತಂದೊಪ್ಪಿಸುವ ರೂಢಿ ತಲೆಮಾರುಗಳಿಂದ ನಡೆದುಬಂದಿದೆ. ಕಾರ್ಯ ಮುಗಿದೊಡನೆ ಆ ಪಟ್ಟಿಯೂ ಮುಗಿಯುತ್ತದೆ. ಅದರಿಂದ ಯಾರಿಗೂ ಬಾಧೆಯಿಲ್ಲ. ಆದರೆ ಒಂದು ದಿನಕ್ಕೆ ಮುಗಿಯದ, ವರ್ಷಾನುವರ್ಷ ನಡೆಯಬೇಕಾದ ಕಾರ್ಯವೊಂದನ್ನು ಕೈಗೊಂಡಾಗ ಮಾತ್ರ ಸದಿಚ್ಛೆಯೊಂದೇ ಸಾಲದೆಂಬುದು ಗೋಚರವಾಗುತ್ತದೆ.

ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಮಕ್ಕಳಿಗಾಗಿ ಒಂದು ವಾಚನಾಲಯವನ್ನು ತೆರೆಯಬೇಕೆಂದು ಕೆಲವರು ಸಂಕಲ್ಪಿಸಿದರೆಂದು ಭಾವಿಸೋಣ. ಉದಾರಿಯೊಬ್ಬನು ಜಾಗ ಕೊಡುತ್ತಾನೆ. ಆ ಜಾಗ ಯಾರ ಹೆಸರಿನಲ್ಲಿರಬೇಕು? ಮುಂದಾಳುವಿನ ಹೆಸರಿಗೆ ಬರೆಸಿದರೆ, ಅವನ ಕಾಲಾನಂತರ ಅದು ಅವನ ಮಕ್ಕಳ ಪಾಲಾಗಲು ಯಾವ ಅಡ್ಡಿಯೂ ಇಲ್ಲ; ವಾಚನಾಲಯವೆಂಬುದು ಊರವರ ಮನಸ್ಸಿನಲ್ಲಿತ್ತೇ ಹೊರತು ಕಾಗದದಲ್ಲಿರಲಿಲ್ಲ. ದೇಣಿಗೆಯ ಹಣವನ್ನು ಖಜಾಂಚಿಯ ಸ್ವಂತ ಖಾತೆಯಲ್ಲಿ ಇಟ್ಟರೆ, ಅವನು ಎಷ್ಟೇ ಪ್ರಾಮಾಣಿಕನಾದರೂ ಸಂಶಯದಿಂದ ಪಾರಾಗಲಾರನು. ಮನುಷ್ಯನು ಮರ್ತ್ಯನು, ಅವನು ಕಟ್ಟುವ ಕಾರ್ಯವಾದರೂ ಅವನನ್ನು ಮೀರಿ ಉಳಿಯಬೇಕಾದರೆ ಅದಕ್ಕೊಂದು ಪ್ರತ್ಯೇಕ ಹೆಸರು ಬೇಕು. ಆ ಹೆಸರನ್ನು ಕಾನೂನಿನ ಮುಂದೆ ಸ್ಥಿರಪಡಿಸುವ ಕ್ರಿಯೆಗೇ ನೋಂದಣಿಯೆಂದು ಹೆಸರು.

ಇಲ್ಲಿ ಒಂದು ಭ್ರಮೆಯನ್ನು ನಿವಾರಿಸಿಕೊಳ್ಳುವುದು ಅವಶ್ಯ. ಸರಕಾರದಲ್ಲಿ ನೋಂದಾಯಿಸದೆ ಜನರು ಒಂದುಗೂಡಕೂಡದೆಂದು ಯಾವ ಕಾನೂನೂ ಹೇಳುವುದಿಲ್ಲ. ಸಂಘ ಕಟ್ಟುವ ಸ್ವಾತಂತ್ರ್ಯವನ್ನು ಸಂವಿಧಾನದ 19ನೆಯ ಅನುಚ್ಛೇದವೇ ನಾಗರಿಕರಿಗೆ ದಯಪಾಲಿಸಿದೆ. 1980ರ ಜುಲೈ 21ರಂದು ಮಲಪ್ರಭೆಯ ನೀರಾವರಿ ಕರದ ಭಾರವನ್ನು ಪ್ರತಿಭಟಿಸಿ ನರಗುಂದದಲ್ಲಿ ಎದ್ದು ನಿಂತ ರೈತರನ್ನು ಒಂದುಗೂಡಿಸಿದ್ದು ಪ್ರಮಾಣಪತ್ರವಲ್ಲ, ಹೊಟ್ಟೆಯ ಸಂಕಟ. ಚಳವಳಿಗೆ ಬೇಕಾದುದು ಧೈರ್ಯ ಮತ್ತು ಒಕ್ಕಟ್ಟು. ಆದರೆ ಆಸ್ತಿಯನ್ನು ಹೊಂದುವುದಕ್ಕೆ, ಬ್ಯಾಂಕಿನಲ್ಲಿ ಖಾತೆ ತೆರೆಯುವುದಕ್ಕೆ, ಅನುದಾನ ಬೇಡುವುದಕ್ಕೆ, ಅಗತ್ಯ ಬಿದ್ದರೆ ನ್ಯಾಯಾಲಯದ ಮೆಟ್ಟಿಲು ಹತ್ತುವುದಕ್ಕೆ ಕಾನೂನು ಗುರುತಿಸತಕ್ಕ ಒಂದು ಸ್ವರೂಪ ಬೇಕಾಗುತ್ತದೆ.

ಈ ಸ್ವರೂಪಗಳು ಹಲವು. ಒಬ್ಬಿಬ್ಬರು ತಮ್ಮ ಆಸ್ತಿಯನ್ನು ಧರ್ಮಕಾರ್ಯಕ್ಕೆ ಮುಡಿಪಿಟ್ಟು, ಅದನ್ನು ನೋಡಿಕೊಳ್ಳಲು ವಿಶ್ವಸ್ತರನ್ನು ನೇಮಿಸಿ, ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಪತ್ರ ಮಾಡಿಸಿದರೆ ಅದು ಟ್ರಸ್ಟು. ಲಾಭವನ್ನು ಹಂಚಿಕೊಳ್ಳದ ಕಂಪನಿಯನ್ನು 2013ರ ಕಂಪನಿ ಅಧಿನಿಯಮದ 8ನೆಯ ಕಲಮಿನಂತೆ ಸ್ಥಾಪಿಸಬಹುದು. ಅದು ಕೇಂದ್ರ ಸರಕಾರದ ಅಧೀನಕ್ಕೆ ಒಳಪಟ್ಟದ್ದು. ಇನ್ನು ಸಹಕಾರ ಸಂಘದ ಮಾರ್ಗ ಗದಗ ಜಿಲ್ಲೆಗೆ ಮನೆಯ ಮಾತು. 1905ರಲ್ಲಿ ಶಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಗದಗಿನ ಬಳಿಯ ಕಣಗಿನಹಾಳದಲ್ಲಿ ಕಟ್ಟಿದ ಪತ್ತಿನ ಸಂಘವನ್ನು ಸಹಕಾರ ಚಳವಳಿಯ ಇತಿಹಾಸ ಇಂದಿಗೂ ಆದರದಿಂದ ಸ್ಮರಿಸುತ್ತದೆ. ಆದರೆ ಸಹಕಾರ ಸಂಘವು ತನ್ನ ಸದಸ್ಯರ ಆರ್ಥಿಕ ಹಿತಕ್ಕಾಗಿ ಇರತಕ್ಕದ್ದು. ಊರಿನ ಮಕ್ಕಳೆಲ್ಲರಿಗೂ ಬಾಗಿಲು ತೆರೆದ ವಾಚನಾಲಯಕ್ಕೆ, ಅದೂ ಬಹುಜನರು ಸಮಾನರಾಗಿ ಕೂಡಿ ನಡೆಸಬೇಕೆಂದಿದ್ದರೆ, ಒಪ್ಪುವ ಮಾರ್ಗ 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ. ದಾನಧರ್ಮ, ವಿದ್ಯೆ, ವಿಜ್ಞಾನ, ಸಾಹಿತ್ಯ, ಲಲಿತಕಲೆಗಳ ಜೊತೆಗೆ ಪುಸ್ತಕಾಲಯ ವಾಚನಾಲಯಗಳ ಸ್ಥಾಪನೆಯನ್ನೂ ಆ ಕಾನೂನು ತನ್ನ ಉದ್ದೇಶಗಳಲ್ಲಿ ಹೆಸರಿಸಿಯೇ ಹೇಳಿದೆ. ಬ್ರಿಟಿಷರ ಕಾಲದ 1860ರ ಕಾಯಿದೆಯ ಸಂತಾನ ಅದು. ಸರಿಯಾಗಿ ನೂರು ವರ್ಷಗಳ ತರುವಾಯ ಏಕೀಕೃತ ರಾಜ್ಯಕ್ಕೆಂದು ರಚಿತವಾದುದು.

ಈ ಅಧಿನಿಯಮವು ಕೇಳುವ ಜನಬಲ ಅಲ್ಪ: ಹದಿನೆಂಟು ವರ್ಷ ತುಂಬಿದ ಏಳು ಮಂದಿ. ಏಳೆಂಬ ಸಂಖ್ಯೆಯನ್ನು ಕೇಳಿದಾಗ 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿ, ನಾಡಿನ ಬಾಯಲ್ಲಿ ಸಪ್ತರ್ಷಿಗಳೆಂದೇ ಹೆಸರಾದ ಮಹನೀಯರ ನೆನಪು ಈ ಭಾಗದವರಿಗೆ ಬಾರದಿರದು. ಏಳು ಮಂದಿ ಮನಸ್ಸು ಮಾಡಿದರೆ ಎಂತಹ ವೃಕ್ಷ ಬೆಳೆದೀತೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ. ಆದರೆ ಆ ಏಳು ಮಂದಿ ಒಂದೇ ಮನೆಯ ಅಣ್ಣತಮ್ಮಂದಿರೂ ಸೊಸೆಯಂದಿರೂ ಆಗಿದ್ದರೆ ಸಂಘವೆಂಬುದು ಕುಟುಂಬದ ಇನ್ನೊಂದು ಹೆಸರಾಗುತ್ತದೆ. ಬೇರೆ ಬೇರೆ ಓಣಿಯ, ಬೇರೆ ಬೇರೆ ಕಸುಬಿನ, ಒಬ್ಬರನ್ನೊಬ್ಬರು ನಿರ್ಭಯದಿಂದ ಪ್ರಶ್ನಿಸಬಲ್ಲ ಸ್ತ್ರೀಪುರುಷರು ಕೂಡಬೇಕೆಂಬುದು ಕಾನೂನಿನ ಅಕ್ಷರದಲ್ಲಿಲ್ಲದಿದ್ದರೂ ವಿವೇಕದ ಶಾಸನದಲ್ಲಿದೆ.

ಮೊದಲನೆಯ ಕಾರ್ಯ ಸಭೆ. ಏಳು ಮಂದಿಯೂ ಕೂಡಿ, ಸಂಘ ಸ್ಥಾಪಿಸಬೇಕೆಂದು ಠರಾವು ಮಾಡಿ, ಅದನ್ನು ನಡಾವಳಿ ಪುಸ್ತಕದಲ್ಲಿ ಬರೆದು ರುಜು ಹಾಕಬೇಕು. ತರುವಾಯ ಹೆಸರು: ಅದಾಗಲೇ ನೋಂದಾಯಿತವಾದ ಇನ್ನೊಂದು ಸಂಘದ ಹೆಸರನ್ನು ಹೋಲತಕ್ಕದ್ದಲ್ಲ, 1950ರ ಲಾಂಛನ ಮತ್ತು ಹೆಸರುಗಳ ಕಾಯಿದೆ ನಿಷೇಧಿಸಿದ ಹೆಸರೂ ಆಗಕೂಡದು. ಅನಂತರ ಎರಡು ಪತ್ರಗಳು. ಸಂಘದ ಹೆಸರು, ಉದ್ದೇಶ, ಮೊದಲ ಕಾರ್ಯಕಾರಿ ಮಂಡಳಿಯವರ ಹೆಸರು, ವಿಳಾಸ, ಉದ್ಯೋಗಗಳನ್ನು ಒಳಗೊಂಡು ಏಳು ಮಂದಿಯ ರುಜುವಿನಿಂದ ಸಜೀವವಾಗುವುದು ಜ್ಞಾಪನ ಪತ್ರ. ಸದಸ್ಯರನ್ನು ಸೇರಿಸಿಕೊಳ್ಳುವ ಬಗೆ, ವಂತಿಗೆ, ಸಭೆ, ಕೋರಮ್ಮು, ಚುನಾವಣೆ, ಅಧ್ಯಕ್ಷ ಕಾರ್ಯದರ್ಶಿ ಖಜಾಂಚಿಗಳ ಅಧಿಕಾರ, ಲೆಕ್ಕ ಇಡುವ ಕ್ರಮ ಇವನ್ನೆಲ್ಲ ನಿಶ್ಚಯಿಸುವುದು ಜನರು ಬೈಲಾ ಎಂದು ಕರೆಯುವ ನಿಯಮಾವಳಿ.

ಈ ನಿಯಮಾವಳಿಯ ಬಳಿ ಒಂದು ಗಳಿಗೆ ನಿಲ್ಲಬೇಕು. ಅನೇಕರು ಇದನ್ನು ಬರಿಯ ವಿಧಿಯೆಂದೆಣಿಸಿ, ಮತ್ತಾವುದೋ ಸಂಘದ ಪ್ರತಿಯನ್ನು ತಂದು ಹೆಸರನ್ನಷ್ಟೇ ಬದಲಿಸಿ ಒಪ್ಪಿಸುವುದುಂಟು. ಎಲ್ಲರೂ ಸ್ನೇಹದಿಂದಿರುವ ಆರಂಭದ ದಿನಗಳಲ್ಲಿ ಅದರ ಕೊರತೆ ಕಾಣುವುದೇ ಇಲ್ಲ. ಆದರೆ ಮನಸ್ತಾಪ ಹುಟ್ಟಿದ ದಿನ, ಅಧ್ಯಕ್ಷನನ್ನು ಇಳಿಸುವುದು ಹೇಗೆ, ಸಭೆ ಕರೆಯುವ ಅಧಿಕಾರ ಯಾರದು, ಯಾರು ಸದಸ್ಯರು, ಯಾರು ಅಲ್ಲ ಎಂಬ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದುದು ಆ ಪ್ರತಿಯೇ. ಸ್ನೇಹವಿರುವಾಗಲೇ ಜಗಳದ ನ್ಯಾಯವನ್ನು ಬರೆದಿಡುವುದು ಅಪನಂಬಿಕೆಯ ಲಕ್ಷಣವಲ್ಲ. ಕಾರ್ಯದ ಮೇಲಿನ ಪ್ರೀತಿಯ ಲಕ್ಷಣ.

ಈ ಪತ್ರಗಳನ್ನು ಏಳು ಮಂದಿಯ ಗುರುತಿನ ದಾಖಲೆಗಳೊಡನೆ, ಕಚೇರಿಯ ಸ್ಥಳದ ದಾಖಲೆ ಅಥವಾ ಮನೆಯೊಡೆಯನ ಒಪ್ಪಿಗೆ ಪತ್ರದೊಡನೆ, ನಿಗದಿಯಾದ ಶುಲ್ಕ ತುಂಬಿ, ಸಂಘಗಳ ಜಿಲ್ಲಾ ನೋಂದಣಾಧಿಕಾರಿಗಳಿಗೆ ಸಲ್ಲಿಸಬೇಕು. ಈ ಅಧಿಕಾರ ಸಹಕಾರ ಇಲಾಖೆಗೆ ಸೇರಿದ್ದು. ಧಾರವಾಡ ಜಿಲ್ಲೆಯಿಂದ ಗದಗ ಜಿಲ್ಲೆ ಬೇರೆಯಾದ 1997ರಿಂದ ಈ ತಾಲೂಕುಗಳವರಿಗೆ ಜಿಲ್ಲೆಯ ಕಚೇರಿ ಗದಗಿನಷ್ಟು ಸಮೀಪಕ್ಕೆ ಬಂದಿತು. ಅಧಿಕಾರಿಗಳು ಪರಿಶೀಲಿಸಿ, ಲೋಪವಿದ್ದರೆ ತಿದ್ದಿಸಿ, ತೃಪ್ತರಾದ ಮೇಲೆ ಪ್ರಮಾಣಪತ್ರವನ್ನು ಕೊಡುತ್ತಾರೆ. ಅಂದಿನಿಂದ ಆ ಹೆಸರಿನಲ್ಲಿ ಪ್ಯಾನ್ ಪಡೆಯಬಹುದು, ಇಬ್ಬರ ರುಜುವಿನಿಂದ ನಡೆಯುವ ಬ್ಯಾಂಕ್ ಖಾತೆ ತೆರೆಯಬಹುದು, ಉದಾರಿಯ ಜಾಗವನ್ನು ದಾನಪತ್ರದ ಮೂಲಕ ಸಂಘಕ್ಕೇ ಬರೆಸಿಕೊಳ್ಳಬಹುದು. ಆದರೆ ಆದಾಯ ತೆರಿಗೆಯ ವಿನಾಯಿತಿ ಇದರಿಂದ ತಾನಾಗಿ ಲಭಿಸುವುದಿಲ್ಲ. 12ಎ, 80ಜಿ ಎಂದು ಜನಜನಿತವಾದ ಆ ಸೌಲಭ್ಯಗಳಿಗೆ ಆದಾಯ ತೆರಿಗೆ ಇಲಾಖೆಗೆ ಬೇರೆಯಾಗಿ ಅರ್ಜಿ ಹಾಕಬೇಕು. ಪರದೇಶದಲ್ಲಿರುವ ಊರಿನ ಮಗನೊಬ್ಬನು ಅಲ್ಲಿಯ ಪೌರತ್ವ ಪಡೆದ ಮೇಲೆ ಕಳುಹಿಸುವ ಹಣ ವಿದೇಶಿ ದೇಣಿಗೆಯೆಂದೇ ಗಣಿತವಾಗುವುದರಿಂದ, 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯಿದೆಯಂತೆ ಅನುಮತಿ ದೊರೆಯುವ ಮೊದಲು ಒಂದು ರೂಪಾಯಿಯನ್ನೂ ಸ್ವೀಕರಿಸಕೂಡದು.

ಇಷ್ಟಾದ ಮೇಲೆ ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ, ಇನ್ನು ಕಾನೂನಿನ ಋಣ ತೀರಿತೆಂದು ಭಾವಿಸುವವರೇ ಬಹಳ. ನಿಜವಾಗಿ ಋಣ ಅಂದು ಆರಂಭವಾಗುತ್ತದೆ. ವರ್ಷಕ್ಕೊಮ್ಮೆ ಸರ್ವಸಾಧಾರಣ ಸಭೆಯನ್ನು ಕೂಡಿಸಿ, ಪರಿಶೋಧಿತ ಲೆಕ್ಕಪತ್ರಗಳನ್ನು ಸದಸ್ಯರ ಮುಂದಿಟ್ಟು, ಸಭೆಯಾದ ಹದಿನಾಲ್ಕು ದಿನಗಳೊಳಗೆ ಕಾರ್ಯಕಾರಿ ಮಂಡಳಿಯ ಪಟ್ಟಿಯನ್ನೂ ಲೆಕ್ಕವನ್ನೂ ನೋಂದಣಾಧಿಕಾರಿಗಳಿಗೆ ಸಲ್ಲಿಸತಕ್ಕದ್ದು. ಮಂಡಳಿಯ ನಡೆ ಸರಿಯಿಲ್ಲವೆಂದು ಸದಸ್ಯರಲ್ಲಿ ಮೂರನೆಯ ಒಂದು ಭಾಗದವರು ದೂರಿಕೊಂಡರೆ ವಿಚಾರಣೆ ನಡೆಸುವ ಅಧಿಕಾರವೂ ನೋಂದಣಾಧಿಕಾರಿಗಳಿಗಿದೆ. ಸಂಘ ವಿಸರ್ಜಿತವಾದರೂ ಉಳಿದ ಆಸ್ತಿಯನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ. ಅದು ಇನ್ನೊಂದು ಸಂಘದ ಸತ್ಕಾರ್ಯಕ್ಕೆ ಸಲ್ಲಬೇಕು. ಜನರು ಕೊಟ್ಟದ್ದು ಜನರಲ್ಲಿಯೇ ಉಳಿಯಬೇಕೆಂಬ ಧರ್ಮಸೂಕ್ಷ್ಮವನ್ನು ಕಾನೂನು ಹೀಗೆ ಕಾಯ್ದಿದೆ.

ರೋಣ ಗಜೇಂದ್ರಗಡಗಳ ನಡುವಿನ ಸೂಡಿಯಲ್ಲಿ, ಜೋಡುಗಳಸದ ಗುಡಿಯನ್ನೂ ನಾಗಕುಂಡವನ್ನೂ ನೋಡಿ ಬಂದವರು ಹಲವರಿದ್ದಾರೆ. 11ನೆಯ ಶತಮಾನದಲ್ಲಿ ಕಿಸುಕಾಡು ಎಪ್ಪತ್ತೆಂಬ ನಾಡನ್ನು ಆಳಿದ ಚಾಲುಕ್ಯರ ಅಕ್ಕಾದೇವಿಯ ಕಾಲದ ಅಲ್ಲಿಯ ಶಾಸನವೊಂದು, ಆ ಪಟ್ಟಣದ ಎಂಟು ಸೆಟ್ಟಿಗಳಿಗೂ ಎಂಬತ್ತು ಒಕ್ಕಲುಗಳಿಗೂ ಸಂಬಂಧಿಸಿದ ಕಟ್ಟುಪಾಡನ್ನು ಹೊಸದಾಗಿ ಊರ್ಜಿತಗೊಳಿಸಿದ ಸಂಗತಿಯನ್ನು ಸಾರುತ್ತದೆ. ಕಲ್ಲಿನಲ್ಲಿ ಕೊರೆದು ಕಾಯತಕ್ಕ ಮರ್ಯಾದೆಯೂ ನವೀಕರಣವನ್ನು ಬೇಡಿತು. ಹಾಗಿರುವಾಗ ಕಾಗದದ ಮೇಲಿನ ನಮ್ಮ ಏಳು ರುಜುಗಳು ಒಂದೇ ಸಲದ ಉತ್ಸಾಹದಿಂದ ಬಾಳಲಾರವು. ವಾಚನಾಲಯದ ಜಮಖಾನೆಯ ಮೇಲೆ ವರ್ಷಕ್ಕೊಮ್ಮೆ ಸದಸ್ಯರು ಕೂಡಿ, ಖಜಾಂಚಿಯು ಓದುವ ಜಮಾಖರ್ಚನ್ನು ಕೇಳಿ, ಸಂದೇಹವಿದ್ದಲ್ಲಿ ಸಂಕೋಚವಿಲ್ಲದೆ ಕೇಳಿ ತಿಳಿದುಕೊಂಡು, ಮರುವರ್ಷಕ್ಕೆ ಮತ್ತೆ ರುಜು ಹಾಕುವ ಆ ಸಂಜೆಯಲ್ಲಿಯೇ ಸಂಸ್ಥೆಯು ಪ್ರತಿವರ್ಷ ನಿಜವಾಗಿ ನೋಂದಾಯಿತವಾಗುತ್ತದೆ.