ಕೊಲ್ಲುವ ಉದ್ದೇಶವಿಲ್ಲದ ಸಾವಿಗೆ ಹೊಣೆ ಯಾರು?

1987ರ ಜನವರಿ. ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆ ನಡೆದಿತ್ತು. ರೋಗಿಗೆ ಆಮ್ಲಜನಕ ಒದಗಿಸುತ್ತಿದ್ದ ಕೊಳವೆ ಕಳಚಿಕೊಂಡಿತು. ಸಮರ್ಥ ಅರಿವಳಿಕೆ ವೈದ್ಯರು 15 ಸೆಕೆಂಡಿನೊಳಗೆ ಗುರುತಿಸಬೇಕಾದ ಲೋಪ ಅದು ಎಂದು ತಜ್ಞರು ಮುಂದೆ ಸಾಕ್ಷ್ಯ ನುಡಿದರು. ಅಂದು ಕರ್ತವ್ಯದಲ್ಲಿದ್ದ ವೈದ್ಯರಿಗೆ ಮಾತ್ರ ನಿಮಿಷಗಳು ಉರುಳಿದರೂ ಅದು ತಿಳಿಯಲಿಲ್ಲ. ರೋಗಿ ಬದುಕಲಿಲ್ಲ.

ಅದೇ ವರ್ಷ ಮಾರ್ಚ್ 6ರಂದು ‘ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್’ ಎಂಬ ಬ್ರಿಟಿಷ್ ಹಡಗು ಬೆಲ್ಜಿಯಂನ ಝೀಬ್ರುಗ ಬಂದರಿನಿಂದ ಹೊರಟಿತು. ಮುಂಭಾಗದ ಬಾಗಿಲು ಮುಚ್ಚಿರಲಿಲ್ಲ. ನೀರು ನುಗ್ಗಿ ಹಡಗು ಮಗುಚಿತು. ಸತ್ತವರು 193 ಮಂದಿ.

ಎರಡೂ ಕಡೆ ಯಾರಿಗೂ ಕೊಲ್ಲುವ ಉದ್ದೇಶ ಇರಲಿಲ್ಲ. ಆದರೂ ವೈದ್ಯರು ಅಪರಾಧಿ ಎನಿಸಿದರು. ಹಡಗಿನ ಕಂಪೆನಿ ಪಾರಾಯಿತು. ಹೀಗೇಕಾಯಿತು? ಇದಕ್ಕೆ ಉತ್ತರ ಬೇಕಾದರೆ ಇಂಗ್ಲಿಷ್ ಕಾನೂನಿನ ‘ಮ್ಯಾನ್‌ಸ್ಲಾಟರ್’ ಎಂಬ ಅಪರಾಧವನ್ನು ಅರಿಯಬೇಕು.

ಕೊಲ್ಲಬೇಕೆಂಬ ಅಥವಾ ತೀವ್ರವಾಗಿ ಗಾಯಗೊಳಿಸಬೇಕೆಂಬ ಉದ್ದೇಶವಿದ್ದರೆ ಅದು ಕೊಲೆ. ಅದಕ್ಕೆ ಜೀವಾವಧಿ ಶಿಕ್ಷೆ ಕಡ್ಡಾಯ. ಉದ್ದೇಶವಿದ್ದೂ ಆರೋಪಿ ಮನಸ್ಸಿನ ಹತೋಟಿ ಕಳೆದುಕೊಂಡಿದ್ದರೆ, ಇಲ್ಲವೇ ಮಾನಸಿಕ ಅಸ್ವಸ್ಥತೆಯಿಂದ ವಿವೇಚನೆ ಕುಂದಿದ್ದರೆ ಅಪರಾಧದ ತೀವ್ರತೆ ಮ್ಯಾನ್‌ಸ್ಲಾಟರ್ ಮಟ್ಟಕ್ಕೆ ಇಳಿಯಬಹುದು. ಅಂಥ ಉದ್ದೇಶವೇ ಇಲ್ಲದೆ ಸಂಭವಿಸಿದ ಸಾವಿನದು ಇನ್ನೊಂದು ವರ್ಗ. ಇಲ್ಲಿ ಗರಿಷ್ಠ ಶಿಕ್ಷೆ ಜೀವಾವಧಿಯಾದರೂ ಎಷ್ಟು ಎಂಬುದನ್ನು ನ್ಯಾಯಾಧೀಶರೇ ನಿರ್ಧರಿಸುತ್ತಾರೆ.

ಈ ವರ್ಗದಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು, ಕಾನೂನುಬಾಹಿರವೂ ಅಪಾಯಕರವೂ ಆದ ಕೃತ್ಯದಿಂದಾದ ಸಾವು. 15 ವರ್ಷದ ಇಬ್ಬರು ಹುಡುಗರು ಸೇತುವೆಯ ಮೇಲಿನಿಂದ ಕೆಳಗೆ ಬರುತ್ತಿದ್ದ ರೈಲಿನತ್ತ ಹಾಸುಗಲ್ಲೊಂದನ್ನು ತಳ್ಳಿದರು. ರೈಲಿನ ಗಾರ್ಡ್ ಸತ್ತರು. ಅಪಾಯ ಹುಡುಗರ ಮನಸ್ಸಿಗೆ ಹೊಳೆದಿರಬೇಕೆಂದೇನೂ ಇಲ್ಲ, ವಿವೇಕವುಳ್ಳವರಿಗೆ ಅದು ಕಾಣುವಂತಿದ್ದರೆ ಸಾಕು ಎಂದು 1976ರಲ್ಲಿ, ಆಗ ಅಲ್ಲಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಹೇಳಿತು.

ಎರಡನೆಯದು ಘೋರ ನಿರ್ಲಕ್ಷ್ಯದಿಂದಾದ ಸಾವು. ಇಲ್ಲಿ ಕೃತ್ಯ ಕಾನೂನುಬದ್ಧವೇ ಇರಬಹುದು. ಶಸ್ತ್ರಚಿಕಿತ್ಸೆಗೆಂದು ಅರಿವಳಿಕೆ ಕೊಡುವುದು ಅಪರಾಧವೇನಲ್ಲ. ಮೇಲೆ ಹೇಳಿದ ವೈದ್ಯರ ಮೇಲ್ಮನವಿ, ಅಂದರೆ ಅಡೊಮಾಕೊ ಪ್ರಕರಣ, 1994ರಲ್ಲಿ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ತೀರ್ಮಾನವಾಯಿತು. ಆರೋಪಿಗೆ ಎಚ್ಚರ ವಹಿಸುವ ಹೊಣೆ ಇತ್ತೇ? ಆ ಹೊಣೆಗೆ ಚ್ಯುತಿ ಬಂತೇ? ಸಾವಿಗೆ ಅದೇ ಕಾರಣವೇ? ಇವೆಲ್ಲಕ್ಕೂ ಹೌದೆಂಬ ಉತ್ತರ ಬಂದರೆ ಕೊನೆಯ ಪ್ರಶ್ನೆ: ಅಪರಾಧವೆಂದು ಪರಿಗಣಿಸುವಷ್ಟು ಆ ಲೋಪ ಕೆಟ್ಟದ್ದೇ? ಇದನ್ನು ತೀರ್ಮಾನಿಸಬೇಕಾದವರು ಜ್ಯೂರಿಯಲ್ಲಿ ಕುಳಿತ 12 ಮಂದಿ ಸಾಮಾನ್ಯ ಪ್ರಜೆಗಳು.

ಟೀಕಾಕಾರರು ಆಕ್ಷೇಪಿಸುವುದು ಇಲ್ಲಿಯೇ. ‘ಅಪರಾಧವೆನ್ನುವಷ್ಟು ಕೆಟ್ಟದ್ದೇ ಅಪರಾಧ’ ಎಂದರೆ ಸುತ್ತಿ ಬಳಸಿ ಹೊರಟಲ್ಲಿಗೇ ಬಂದಂತೆ ಎಂಬುದು ಅವರ ವಾದ. ಆದರೆ ಸಾಧಾರಣ ತಪ್ಪಿಗೂ ಘೋರ ತಪ್ಪಿಗೂ ನಡುವಿನ ಗೆರೆಯನ್ನು ಅಳತೆಗೋಲು ಹಿಡಿದು ಎಳೆಯುವುದು ಸುಲಭವಲ್ಲ ಎಂಬುದೂ ಅಷ್ಟೇ ನಿಜ.

ಇನ್ನು ಹಡಗಿನ ಸಂಗತಿ. ಕಂಪೆನಿಯಲ್ಲಿ ಮೇಲಿನಿಂದ ಕೆಳಗಿನವರೆಗೂ ಅಸಡ್ಡೆ ತುಂಬಿತ್ತೆಂದು ಅಧಿಕೃತ ವಿಚಾರಣೆಯೇ ಹೇಳಿತ್ತು. ಆದರೆ ಕಂಪೆನಿಯನ್ನು ಶಿಕ್ಷಿಸಲು ಅದರ ‘ಮಿದುಳು’ ಎನಿಸಿದ ಉನ್ನತ ಅಧಿಕಾರಿಯೊಬ್ಬರಾದರೂ ಸ್ವತಃ ತಪ್ಪಿತಸ್ಥರೆಂದು ಸಾಬೀತಾಗಬೇಕಿತ್ತು. ತಪ್ಪು ಹಲವರಲ್ಲಿ ಹಂಚಿಹೋಗಿದ್ದರಿಂದ 1990ರಲ್ಲಿ ಮೊಕದ್ದಮೆ ಕುಸಿಯಿತು. 1993ರಲ್ಲಿ ಲೈಮ್ ಕೊಲ್ಲಿಯಲ್ಲಿ ದೋಣಿ ವಿಹಾರಕ್ಕೆ ಹೋದ ನಾಲ್ವರು ವಿದ್ಯಾರ್ಥಿಗಳು ಸತ್ತಾಗ ಮಾತ್ರ, ವಿಹಾರ ಏರ್ಪಡಿಸಿದ್ದ ಕಂಪೆನಿ ಮರುವರ್ಷ ಅಪರಾಧಿ ಎನಿಸಿತು. ಅದು ಸಣ್ಣ ಕಂಪೆನಿ. ಮಿದುಳು ಯಾರೆಂದು ಹುಡುಕುವುದು ಕಷ್ಟವಾಗಲಿಲ್ಲ. ಅಂದರೆ ಸಂಸ್ಥೆ ದೊಡ್ಡದಾದಷ್ಟೂ ತಪ್ಪಿಸಿಕೊಳ್ಳುವ ದಾರಿ ಅಗಲ!

ಈ ಕೊರತೆಯನ್ನು ತುಂಬಲು 2007ರಲ್ಲಿ ಸಂಸ್ಥೆಗಳಿಗೆಂದೇ ಕಾಯ್ದೆ ಬಂತು. 2008ರ ಏಪ್ರಿಲ್‌ನಲ್ಲಿ ಜಾರಿಯಾಯಿತು. ಒಬ್ಬ ವ್ಯಕ್ತಿಯತ್ತ ಬೆರಳು ತೋರಿಸಬೇಕಿಲ್ಲ. ಹಿರಿಯ ಆಡಳಿತವರ್ಗ ಕೆಲಸ ನಡೆಸಿದ ರೀತಿಯನ್ನೇ ಪ್ರಶ್ನಿಸಬಹುದು. ಆದರೆ ಈ ಕಾಯ್ದೆಯಡಿ ದಂಡವುಂಟು, ಜೈಲಿಲ್ಲ.

ಈ ಚರ್ಚೆ ನಮಗೂ ದೂರದ್ದಲ್ಲ. ಮೆಕಾಲೆ ಕರಡು ರಚಿಸಿದ 1860ರ ಭಾರತೀಯ ದಂಡಸಂಹಿತೆ ಮ್ಯಾನ್‌ಸ್ಲಾಟರ್ ಎಂಬ ಹೆಸರನ್ನು ಬಳಸದೆ, ‘ಕೊಲೆಯಲ್ಲದ ದಂಡನೀಯ ನರಹತ್ಯೆ’ ಎಂಬ ವಿಭಾಗ ಮಾಡಿತ್ತು. ನಿರ್ಲಕ್ಷ್ಯದ ಸಾವಿಗೆ ಸಂಬಂಧಿಸಿದ 304-ಎ ಕಲಂ ಸೇರಿದ್ದು 1870ರಲ್ಲಿ. ಈಗ ಅದರ ಜಾಗದಲ್ಲಿ, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಇದೆ. ವೈದ್ಯರ ಲೋಪ ಯಾವಾಗ ಅಪರಾಧವಾಗುತ್ತದೆ ಎಂಬ ಪ್ರಶ್ನೆ 2004ರಲ್ಲಿ ಬಂದಾಗ ನಮ್ಮ ಸುಪ್ರೀಂ ಕೋರ್ಟ್ ಅಡೊಮಾಕೊ ತೀರ್ಪನ್ನೂ ಪರಿಶೀಲಿಸಿತು. ನಿರ್ಲಕ್ಷ್ಯ ಘೋರವಾಗಿರಲೇಬೇಕು ಎಂದಿತು.

ಕೈತಪ್ಪಿನಿಂದಾದ ಪ್ರತಿ ಸಾವಿಗೂ ಜೈಲು ಎಂದರೆ ಶಸ್ತ್ರಚಿಕಿತ್ಸೆಯ ಕತ್ತರಿ ಹಿಡಿಯುವ ಕೈ ನಡುಗುತ್ತದೆ. ಉದ್ದೇಶವಿರಲಿಲ್ಲ ಎಂದು ಎಲ್ಲರನ್ನೂ ಬಿಟ್ಟರೆ ಸತ್ತವರ ಮನೆಯವರಿಗೆ ನ್ಯಾಯವಿಲ್ಲ. ಇವೆರಡರ ನಡುವಿನ ಗೆರೆ ಹುಡುಕುವಾಗ ಒಂದನ್ನಂತೂ ಮರೆಯುವಂತಿಲ್ಲ: ಒಬ್ಬಂಟಿ ವೈದ್ಯರಿಗೆ ಬಿಗಿಯಾಗುವ ಕಾನೂನಿನ ಕುಣಿಕೆ ದೊಡ್ಡ ಸಂಸ್ಥೆಗೆ ಸಡಿಲವಾಗಬಾರದು.