ಸ್ಪರ್ಧಾ ಪಿಸ್ತೂಲುಗಳ ಆಂತರಿಕ ಮಾರ್ಪಾಡು: ಪರವಾನಗಿದಾರರಿಗೆ ಮಾಹಿತಿ

ಶೂಟಿಂಗ್ ಕ್ರೀಡೆಯಲ್ಲಿ ತೊಡಗಿರುವ ಪರವಾನಗಿದಾರರು ತಮ್ಮ ಪಿಸ್ತೂಲಿನ ಒಳಭಾಗಗಳಲ್ಲಿ ಬದಲಾವಣೆ ಮಾಡಿಸುವ ಮುನ್ನ ಎರಡು ಬಗೆಯ ನಿಯಮಗಳನ್ನು ಪರಿಶೀಲಿಸತಕ್ಕದ್ದು. ಮೊದಲನೆಯದು, ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟದ ತಾಂತ್ರಿಕ ನಿಯಮಗಳು. ಎರಡನೆಯದು, ಆಯುಧ ಅಧಿನಿಯಮ, 1959. ಕ್ರೀಡಾ ನಿಯಮವು ಒಪ್ಪುವ ಬದಲಾವಣೆಗಳನ್ನೆಲ್ಲ ಕಾನೂನು ಸಹ ಒಪ್ಪುತ್ತದೆಂದು ಭಾವಿಸಬಾರದು.

ಕ್ರೀಡಾ ನಿಯಮಗಳು

25 ಮೀ. ಪಿಸ್ತೂಲು, ರ‍್ಯಾಪಿಡ್ ಫೈರ್ ಮತ್ತು ಸ್ಟ್ಯಾಂಡರ್ಡ್ ಪಿಸ್ತೂಲು ವಿಭಾಗಗಳಲ್ಲಿ 5.6 ಮಿ.ಮೀ. ವ್ಯಾಸದ ಪಿಸ್ತೂಲನ್ನು ಬಳಸಲಾಗುತ್ತದೆ. ಇವುಗಳಿಗೆ ಅನ್ವಯಿಸುವ ಮುಖ್ಯ ಮಿತಿಗಳು ಈ ಕೆಳಗಿನಂತಿವೆ:

1. ಟ್ರಿಗರ್ ಎಳೆತದ ಭಾರವು 1000 ಗ್ರಾಂಗಿಂತ ಕಡಿಮೆ ಇರಬಾರದು. 10 ಮೀ. ಏರ್ ಪಿಸ್ತೂಲಿಗೆ ಈ ಮಿತಿ 500 ಗ್ರಾಂ.
2. ನಳಿಗೆಯ ಉದ್ದ 153 ಮಿ.ಮೀ. ಮೀರಬಾರದು. ನಳಿಗೆಗೆ ರಂಧ್ರ ಕೊರೆಯಿಸುವಂತಿಲ್ಲ. ಹಿಮ್ಮೆಟ್ಟುವಿಕೆಯನ್ನು ತಗ್ಗಿಸುವ ಸಾಧನವನ್ನು ನಳಿಗೆಯ ತುದಿಗೆ ಜೋಡಿಸುವಂತಿಲ್ಲ.
3. ಪಿಸ್ತೂಲಿನ ಒಟ್ಟು ತೂಕ 1400 ಗ್ರಾಂ ಮೀರಬಾರದು. ಸೇರಿಸಿದ ತೂಕದ ತುಂಡುಗಳೂ ಇದರಲ್ಲಿ ಸೇರುತ್ತವೆ.

ಈ ಮಿತಿಗಳೊಳಗೆ ಟ್ರಿಗರಿನ ಮೊದಲ ಮತ್ತು ಎರಡನೆಯ ಹಂತದ ಭಾರ, ಅದು ಚಲಿಸುವ ದೂರ ಹಾಗೂ ಅದರ ಸ್ಥಾನವನ್ನು ಸ್ಪರ್ಧಿಯ ಬೆರಳಿಗೆ ತಕ್ಕಂತೆ ಹೊಂದಿಸಿಕೊಳ್ಳಬಹುದು.

ಟ್ರಿಗರ್ ಭಾರವನ್ನು ಸ್ಪರ್ಧೆಯ ಮುನ್ನ ಮಾತ್ರವಲ್ಲದೆ ನಂತರವೂ ಪರೀಕ್ಷಿಸಲಾಗುತ್ತದೆ. ನಳಿಗೆಯನ್ನು ಲಂಬವಾಗಿ ಹಿಡಿದು, ಟ್ರಿಗರಿನಿಂದ ನಿಗದಿತ ತೂಕವನ್ನು ಎತ್ತಬೇಕು. ಇದಕ್ಕೆ ಮೂರು ಅವಕಾಶಗಳಿರುತ್ತವೆ. ಆಗಲೂ ತೂಕ ಮೇಲೇಳದಿದ್ದಲ್ಲಿ, ಗಳಿಸಿದ ಅಂಕಗಳು ಎಷ್ಟೇ ಇದ್ದರೂ ಸ್ಪರ್ಧಿ ಅನರ್ಹಗೊಳ್ಳುತ್ತಾರೆ. ಸ್ಪ್ರಿಂಗ್ ಸವೆದಂತೆ ಎಳೆತದ ಭಾರ ಇಳಿಯುವ ಸಂಭವವಿರುವುದರಿಂದ, ಕನಿಷ್ಠ ಮಿತಿಗಿಂತ ತುಸು ಹೆಚ್ಚಿಗೆ ಹೊಂದಿಸಿಕೊಳ್ಳುವುದು ಸೂಕ್ತ.

ಒಳಭಾಗಗಳ ಸುಸ್ಥಿತಿಯೂ ಅಷ್ಟೇ ಮುಖ್ಯ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ 10 ಮೀ. ಏರ್ ಪಿಸ್ತೂಲು ಅರ್ಹತಾ ಸುತ್ತಿನ ನಡುವೆ ಭಾರತದ ಮನು ಭಾಕರ್ ಅವರ ಪಿಸ್ತೂಲು ಕೆಟ್ಟು, ಅದನ್ನು ಸರಿಪಡಿಸಲು ಬಹಳಷ್ಟು ಸಮಯ ವ್ಯಯವಾಯಿತು. 575 ಅಂಕಗಳೊಂದಿಗೆ ಅವರು 12ನೇ ಸ್ಥಾನ ಪಡೆದರು. ಅಂತಿಮ ಸುತ್ತಿಗೆ ಪ್ರವೇಶ ದೊರೆಯಲಿಲ್ಲ. ತಪಾಸಣೆಯ ನಂತರ ಮಾಡಿದ ಬದಲಾವಣೆಯ ಬಗ್ಗೆ ಸಂದೇಹವಿದ್ದಲ್ಲಿ ಪಿಸ್ತೂಲನ್ನು ಪುನಃ ತಪಾಸಣೆಗೆ ಒಪ್ಪಿಸತಕ್ಕದ್ದು.

ಕಾನೂನಿನ ನಿಬಂಧನೆಗಳು

ಅಧಿನಿಯಮದ 5ನೇ ಪ್ರಕರಣದ ಮೇರೆಗೆ, ಬಂದೂಕು ಪಿಸ್ತೂಲುಗಳ ದುರಸ್ತಿ ಮತ್ತು ಪರಿವರ್ತನೆಯ ಕೆಲಸಕ್ಕೆ ಪ್ರತ್ಯೇಕ ಪರವಾನಗಿ ಇರತಕ್ಕದ್ದು. ಪಿಸ್ತೂಲು ಹೊಂದಲು ನೀಡಿದ ಪರವಾನಗಿಯು ಅದನ್ನು ದುರಸ್ತಿ ಮಾಡುವ ಪರವಾನಗಿಯಲ್ಲ. ತಯಾರಕರು ಒದಗಿಸಿದ ತಿರುಪುಗಳನ್ನು ಕೈಪಿಡಿಯಂತೆ ಹೊಂದಿಸುವುದು ಬಳಕೆಯ ಭಾಗ. ಲೋಹದ ಭಾಗಗಳನ್ನು ಉಜ್ಜುವುದು, ಕೊರೆಯುವುದು ಅಥವಾ ಹೊಸದಾಗಿ ಮಾಡಿಸುವುದು ಹಾಗಲ್ಲ. ಇಂತಹ ಕೆಲಸವನ್ನು ಪರವಾನಗಿ ಪಡೆದ ಆಯುಧ ದುರಸ್ತಿದಾರರಿಂದಲೇ ಮಾಡಿಸಬೇಕು. ಸಾಮಾನ್ಯ ಲೇತ್ ವರ್ಕ್‌ಶಾಪುಗಳಲ್ಲಿ ಮಾಡಿಸಬಾರದು.

'ಆಯುಧ' ಎಂಬ ಪದದ ವ್ಯಾಖ್ಯೆಯಲ್ಲಿ ಬಿಡಿಭಾಗಗಳೂ ಸೇರಿವೆ. ಆದ್ದರಿಂದ ಬೇರೆ ವ್ಯಾಸದ ನಳಿಗೆಯನ್ನು ಖರೀದಿಸುವ ಅಥವಾ ಜೋಡಿಸುವ ಮುನ್ನ ಪರವಾನಗಿ ಪ್ರಾಧಿಕಾರದ ಅನುಮತಿ ಪಡೆಯುವುದು ಅವಶ್ಯ. 2019ರ ತಿದ್ದುಪಡಿಯ ನಂತರ, ಪರವಾನಗಿ ಇಲ್ಲದೆ ಒಂದು ವರ್ಗದ ಆಯುಧವನ್ನು ಮತ್ತೊಂದು ವರ್ಗಕ್ಕೆ ಪರಿವರ್ತಿಸುವುದನ್ನೂ 6ನೇ ಪ್ರಕರಣವು ನಿಷೇಧಿಸಿದೆ. 5 ಮತ್ತು 6ನೇ ಪ್ರಕರಣಗಳ ಅಡಿ ಪರವಾನಗಿ ಇಲ್ಲದೆ ಮಾಡುವ ದುರಸ್ತಿ ಅಥವಾ ಪರಿವರ್ತನೆಗೆ 7 ವರ್ಷಗಳಿಗೆ ಕಡಿಮೆಯಿಲ್ಲದ, ಆಜೀವ ಕಾರಾವಾಸದವರೆಗೂ ವಿಸ್ತರಿಸಬಹುದಾದ ಶಿಕ್ಷೆ ಹಾಗೂ ಜುಲ್ಮಾನೆ ವಿಧಿಸಲು ಅವಕಾಶವಿದೆ.

ಅರ್ಜಿದಾರರಿಗೆ ಸೂಚನೆ

ಮಾರ್ಪಾಡಿನ ಬಗ್ಗೆ ಸಂದೇಹವಿದ್ದಲ್ಲಿ, ಕೆಲಸಕ್ಕೆ ಕೊಡುವ ಮುನ್ನವೇ ಪಿಸ್ತೂಲಿನ ಕ್ರಮ ಸಂಖ್ಯೆ, ವ್ಯಾಸ ಹಾಗೂ ಉದ್ದೇಶಿತ ಬದಲಾವಣೆಯ ವಿವರಗಳೊಂದಿಗೆ ಲಿಖಿತ ಮನವಿ ಸಲ್ಲಿಸಬೇಕು. ಬೆಂಗಳೂರು ನಗರದಲ್ಲಿ ಪೊಲೀಸ್ ಆಯುಕ್ತರು ಪರವಾನಗಿ ಪ್ರಾಧಿಕಾರಿಯಾಗಿದ್ದು, ಇತರೆಡೆಗಳ ಅರ್ಜಿದಾರರು ತಮ್ಮ ಪರವಾನಗಿಯನ್ನು ನೀಡಿದ ಕಚೇರಿಯನ್ನು ಸಂಪರ್ಕಿಸಬೇಕು. ದುರಸ್ತಿದಾರರು ನೀಡಿದ ರಸೀದಿಯನ್ನು ಪರವಾನಗಿ ಪುಸ್ತಕದೊಂದಿಗೆ ಜೋಪಾನವಾಗಿ ಇರಿಸಿಕೊಳ್ಳಲು ಕೋರಲಾಗಿದೆ.